ಮಿಂಚಿ ಮರೆಯಾಗುವ ಸಂದೇಶ

ಕನಕಪುರದಿಂದ ಮಳವಳ್ಳಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಿಗುವ ಸಾತನೂರು ಒಂದು ಹೋಬಳಿಯ ಕೇಂದ್ರ. ಹಿಂದೆ ಇಂಥ ಊರುಗಳಲ್ಲಿ ಸರ್ಕಾರದ ಮಾತು ಜನರಿಗೆ ತಲುಪುತ್ತಿದ್ದುದು ತಮಟೆಯ ಮೂಲಕ. ಡಂಗುರ ಸಾರುವವನು ಒಂದೇ ಕಡೆ ಕೂಗಿ ಮನೆಗೆ ಮರಳುತ್ತಿರಲಿಲ್ಲ. ಬೀದಿ ಬೀದಿಗೂ ಹೋಗಿ ಅದನ್ನೇ ಸಾರುತ್ತಿದ್ದ. ಕೇಳಿಸದವರು ಅವನನ್ನು ತಡೆದು, “ಇನ್ನೊಂದ್ಸಲ ಹೇಳಪ್ಪ” ಎನ್ನಬಹುದಾಗಿತ್ತು.

ಇಂದು ಆ ಕೆಲಸದ ಬಹುಭಾಗವನ್ನು ಗಾಜಿನ ಪರದೆ ವಹಿಸಿಕೊಂಡಿದೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ, ಪಹಣಿಗೆ, ವಿದ್ಯಾರ್ಥಿವೇತನಕ್ಕೆ ಅಂತರಜಾಲದಲ್ಲಿಯೇ ಅರ್ಜಿ ಹಾಕಬಹುದು. ಅರ್ಜಿ ಸೇರಿತೋ ಇಲ್ಲವೋ ಎಂಬುದನ್ನು ಪರದೆಯ ಮೂಲೆಯಲ್ಲಿ ಮೂಡುವ ಪುಟ್ಟ ಚೌಕವೊಂದು ತಿಳಿಸುತ್ತದೆ. ಕೆಲವು ಕ್ಷಣಗಳಲ್ಲಿ ತಾನಾಗಿಯೇ ಮರೆಯಾಗುತ್ತದೆ.

ಸಾತನೂರಿನ ಬಸ್ ನಿಲ್ದಾಣದಲ್ಲಿ ತಾಯಿಯೂ ಮಗಳೂ ಮೊಬೈಲಿನಲ್ಲಿ ಇಂಥದೊಂದು ಅರ್ಜಿಯನ್ನು ತುಂಬುತ್ತಿದ್ದಾರೆಂದು ಭಾವಿಸೋಣ. ಅಂದೇ ಕೊನೆಯ ದಿನ. ಮಗಳು ಗುಂಡಿಯೊತ್ತಿದಳು, ಕೆಂಪು ಅಕ್ಷರಗಳು ಮಿಂಚಿದವು.

“ಏನ್ ಬಂತು ಮಗಾ?”

“ಓದೋದ್ರೊಳಗೇ ಹೋಯ್ತು ಕಣವ್ವ.”

ಅರ್ಜಿ ಸೇರಿತೆಂದು ನಂಬಿ ಇಬ್ಬರೂ ಬಸ್ಸು ಹತ್ತಿದರೆ, ಒಂದು ವರ್ಷದ ವಿದ್ಯಾರ್ಥಿವೇತನವೇ ಕೈತಪ್ಪಬಹುದು.

ಹೆಸರು ಬಂದ ಬಗೆ

ತಂತ್ರಜ್ಞರು ಈ ಚೌಕವನ್ನು ‘ಟೋಸ್ಟ್’ ಎನ್ನುತ್ತಾರೆ. ಟೋಸ್ಟರಿನಿಂದ ಬ್ರೆಡ್ಡಿನ ತುಂಡು ಪುಟಿದು ಮೇಲೇಳುವಂತೆ ಇದೂ ಪರದೆಯ ಅಂಚಿನಿಂದ ಮೇಲೇಳುತ್ತದೆಂಬ ಹೋಲಿಕೆ ಅದಕ್ಕೆ. ‘ಫ್ಲಾಶ್’ ಸಂದೇಶ ಇದರ ಸೋದರ: ಒಂದು ಪುಟದಲ್ಲಿ ನಡೆದ ಕೆಲಸದ ಫಲವನ್ನು ಮುಂದಿನ ಪುಟಕ್ಕೆ ಒಯ್ದು, ಒಮ್ಮೆ ತೋರಿಸಿ, ಅಳಿಸಿಹೋಗುವಂಥದು.

ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೆ ದೇವರು ಬರೆದ ಲಿಪಿಯೇನೂ ಇಲ್ಲ. ಆಂಡ್ರಾಯ್ಡ್ ಮೊಬೈಲುಗಳ ಟೋಸ್ಟಿಗೆ ಎರಡೇ ಅವಧಿ: 2 ಸೆಕೆಂಡು ಅಥವಾ 3.5 ಸೆಕೆಂಡು. ಜಾಲತಾಣಗಳನ್ನು ಕಟ್ಟಲು ಬಳಸುವ ಬೂಟ್‌ಸ್ಟ್ರಾಪ್ ಎಂಬ ಸಾಧನದ 5ನೆಯ ಆವೃತ್ತಿಯಲ್ಲಿ, ತಂತ್ರಜ್ಞನು ಬದಲಿಸದಿದ್ದರೆ, 5 ಸೆಕೆಂಡು. ಆದರೆ ಬದಲಿಸುವುದು ಒಂದೇ ಸಾಲಿನ ಕೆಲಸ. ಅವಧಿ, ಬಣ್ಣ, ಸ್ಥಾನ, ಭಾಷೆ, ಮುಚ್ಚುವ ಗುಂಡಿ ಇವೆಲ್ಲವೂ ಅವನ ಕೈಯಲ್ಲಿವೆ; ಇಷ್ಟವಿದ್ದರೆ ಸಂದೇಶವು ತಾನಾಗಿ ಹೋಗದಂತೆಯೂ ಮಾಡಬಹುದು.

ಯಾವುದು ಹೋಗಬೇಕು, ಯಾವುದು ನಿಲ್ಲಬೇಕು?

ವಿವೇಕ ಬೇಕಾದುದು ಇಲ್ಲಿಯೇ. “ಉಳಿಸಲಾಗಿದೆ” ಎಂಬಂಥ ಸಮಾಧಾನದ ಮಾತು ಬಂದು ಹೋದರೆ ನಷ್ಟವಿಲ್ಲ. ತಪ್ಪನ್ನು ತಿಳಿಸುವ ಮಾತು ಮಾತ್ರ ಓದುಗನೇ ಮುಚ್ಚುವವರೆಗೂ ನಿಲ್ಲಬೇಕು. ತಪ್ಪಾಗಿದೆ ಎಂದಷ್ಟೇ ಹೇಳದೆ, ಯಾವ ಅಂಕಣದಲ್ಲಿ ತಪ್ಪಿದೆ, ಏನು ಮಾಡಬೇಕು ಎಂಬುದನ್ನೂ ತಿಳಿಗನ್ನಡದಲ್ಲಿ ಹೇಳಬೇಕು. ಅರ್ಜಿಯ ಸಂಖ್ಯೆಯನ್ನಂತೂ ಮಿಂಚುವ ಚೌಕಕ್ಕೆ ಒಪ್ಪಿಸಲೇಬಾರದು. ಅದರ ಸ್ಥಳ ಪುಟದ ನಡುವೆ, ಬರೆದುಕೊಳ್ಳುವಷ್ಟು ಹೊತ್ತು.

ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಅವಲಂಬಿಸುತ್ತಾರೆ. ಚೌಕಕ್ಕೆ ತಕ್ಕ ಗುರುತನ್ನು ಹಚ್ಚದಿದ್ದರೆ ಆ ತಂತ್ರಾಂಶಕ್ಕೆ ಅದು ಬಂದುದೇ ತಿಳಿಯದು. ವಿಶ್ವವ್ಯಾಪಿ ಜಾಲದ ಒಕ್ಕೂಟವು 2008ರಲ್ಲಿ ಪ್ರಕಟಿಸಿದ ಸುಗಮ್ಯತೆಯ ಸೂತ್ರಗಳು, ಕಾಲಮಿತಿಯನ್ನು ನಿಲ್ಲಿಸುವ, ಹೆಚ್ಚಿಸುವ ಅಥವಾ ಕನಿಷ್ಠ 10 ಪಟ್ಟು ಹಿಗ್ಗಿಸುವ ಅವಕಾಶ ಬಳಸುವವನಿಗಿರಬೇಕೆಂದು ವಿಧಿಸಿದವು. 2018ರ ಆವೃತ್ತಿಯು, ಸ್ಥಿತಿಯನ್ನು ತಿಳಿಸುವ ಸಂದೇಶಗಳು ಇಂಥ ತಂತ್ರಾಂಶಗಳಿಗೂ ತಿಳಿಯುವಂತಿರಬೇಕೆಂಬ ನಿಯಮವನ್ನು ಸೇರಿಸಿತು.

ಬಳಸುವವರೂ ಕೈಕಟ್ಟಿ ಕೂರಬೇಕಾಗಿಲ್ಲ. 2019ರಲ್ಲಿ ಬಂದ ಆಂಡ್ರಾಯ್ಡ್ 10ರ ಸುಗಮ್ಯತೆಯ ವಿಭಾಗದಲ್ಲಿ, ಕ್ಷಣಿಕ ಸಂದೇಶಗಳು 10 ಸೆಕೆಂಡಿನಿಂದ 2 ನಿಮಿಷದವರೆಗೆ ನಿಲ್ಲುವಂತೆ ಕೇಳಿಕೊಳ್ಳುವ ಏರ್ಪಾಡಿದೆ. ಎಲ್ಲ ತಂತ್ರಾಂಶಗಳೂ ಅದಕ್ಕೆ ಮಣಿಯುವುದಿಲ್ಲವಾದರೂ, ಮನೆಯ ಹಿರಿಯರ ಮೊಬೈಲಿನಲ್ಲಿ ಅದನ್ನು ಹೊಂದಿಸಿಡುವುದು ಒಳ್ಳೆಯದು. ಅನುಮಾನವಿದ್ದಲ್ಲಿ ಅರ್ಜಿಯ ಸಂಖ್ಯೆ ಕೈಸೇರುವವರೆಗೂ ಪುಟವನ್ನು ಮುಚ್ಚದಿರುವುದು ಇನ್ನೂ ಒಳ್ಳೆಯದು.

ನಗರದ ಕೊಠಡಿಯಲ್ಲಿ ಕುಳಿತು ಪರದೆಯನ್ನು ರೂಪಿಸುವ ತರುಣನಿಗೆ 2 ಸೆಕೆಂಡು ಧಾರಾಳವಾಗಿ ಕಾಣಬಹುದು. ಆ ವಾಕ್ಯವನ್ನು ಬರೆದವನೇ ಅವನು. ಸಾತನೂರಿನ ಬಿಸಿಲಿನಲ್ಲಿ, ಮಸುಕಾದ ಪರದೆಯ ಮೇಲೆ, ಅಕ್ಷರ ಕೂಡಿಸಿ ಓದುವ ತಾಯಿಗೆ ಅದು ಸಾಲದು. ಡಂಗುರದವನು ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಿದ್ದ. ಪರದೆಗೂ ಆ ತಾಳ್ಮೆಯನ್ನು ಕಲಿಸುವುದು ಕಷ್ಟದ ಕೆಲಸವೇನಲ್ಲ.