ಗಿಳಿ ಚೆಲ್ಲಿದ ನವಣೆ

ಶಂಕರಾಚಾರ್ಯರು ಮಂಡನಮಿಶ್ರರ ಮನೆಯನ್ನು ಹುಡುಕುತ್ತ ಮಾಹಿಷ್ಮತಿಗೆ ಬಂದಾಗ, ನೀರಿಗೆಂದು ಹೊರಟಿದ್ದ ದಾಸಿಯರು ಆ ಮನೆಗೆ ಗಿಳಿಗಳನ್ನೇ ಗುರುತಾಗಿ ಹೇಳಿದರೆಂದು ಪ್ರತೀತಿ. ಪಂಜರದ ಗಿಳಿಗಳು ಬಾಗಿಲಲ್ಲಿ ಶಾಸ್ತ್ರಚರ್ಚೆ ನಡೆಸುತ್ತಿದ್ದರೆ ಅದು ಮಿಶ್ರರ ಮನೆಯೆಂದು ತಿಳಿಯಬಹುದಂತೆ. ಆ ಪಂಡಿತಪಕ್ಷಿಗಳು ಚರ್ಚೆಯ ನಡುನಡುವೆ ಉಗುಳಿದ ಹೊಟ್ಟನ್ನೂ ಕಚ್ಚಿ ಎಸೆದ ಹಣ್ಣಿನ ಚೂರುಗಳನ್ನೂ ದಿನವೂ ಗುಡಿಸಿದವರು ಯಾರೆಂಬುದನ್ನು ಮಾತ್ರ ಕಥೆ ಹೇಳುವುದಿಲ್ಲ. ಪ್ರಾಯಶಃ ಗುರುತು ಹೇಳಿದ ಆ ದಾಸಿಯರೇ ಇರಬೇಕು. ಗಿಳಿಗಳ ವಿಷಯ ಅವರಿಗೆ ಅಷ್ಟು ಚೆನ್ನಾಗಿ ನೆನಪಿದ್ದುದಕ್ಕೆ ಬೇರೆ ಕಾರಣ ಬೇಕಿಲ್ಲ!

ಹಿಂದಿನ ಮನೆಗಳಲ್ಲಿ ಈ ಕೆಲಸ ಅಷ್ಟು ಭಾರವಾಗಿ ತೋರುತ್ತಿರಲಿಲ್ಲ. ಪಂಜರವು ತೊಟ್ಟಿಯ ಕಂಬಕ್ಕೋ ಜಗಲಿಯ ತೊಲೆಗೋ ತೂಗುತ್ತಿತ್ತು. ಬಿದ್ದ ಹೊಟ್ಟನ್ನು ಗಾಳಿ ಒಯ್ಯುತ್ತಿತ್ತು, ಬಿದ್ದ ಕಾಳನ್ನು ಗುಬ್ಬಿ ಒಯ್ಯುತ್ತಿತ್ತು, ಉಳಿದುದು ಬೆಳಗಿನ ಸಾರಣೆಯಲ್ಲಿ ಅಳಿಸಿಹೋಗುತ್ತಿತ್ತು. ಈಗಿನ ಮಾತು ಬೇರೆ. ಯಲಹಂಕವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ ಸಿಕ್ಕುವ ಹುಣಸಮಾರನಹಳ್ಳಿಯನ್ನೇ ನೋಡಿ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆದ ಮೇಲೆ, ಈ ದಾರಿಯಲ್ಲಿ ರಾಗಿಯ ಹೊಲಗಳಿದ್ದೆಡೆ ಬಡಾವಣೆಗಳೂ ಬಹುಮಹಡಿಯ ವಸತಿಗಳೂ ಎದ್ದಿವೆ. ಎರಡು ಕೋಣೆ, ಒಂದು ಹಜಾರ, ನಾಲ್ಕು ಬಟ್ಟೆ ಒಣಹಾಕುವಷ್ಟು ಬಾಲ್ಕನಿ. ಇಂಥ ಮನೆಗೆ ಬಂದ ಗಿಳಿಗೆ ಹಜಾರವೇ ತೊಟ್ಟಿ, ಹಜಾರವೇ ಜಗಲಿ. ಅದು ಉದುರಿಸಿದ ಹೊಟ್ಟು ಸೋಫಾದ ಸಂದಿನಲ್ಲಿ, ಮಕ್ಕಳ ಪುಸ್ತಕದ ಹಾಳೆಗಳ ನಡುವೆ, ಒಮ್ಮೊಮ್ಮೆ ಕಾಫಿಯ ಲೋಟದಲ್ಲಿಯೂ ದೊರೆಯುತ್ತದೆ.

ಯಾವ ಗಿಳಿ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಕೊರಳಿಗೆ ಗುಲಾಬಿ ಕಂಠಿಯುಳ್ಳ ನಮ್ಮ ಹಸುರು ಗಿಳಿ ಮನೆಯಲ್ಲಿ ಸಾಕತಕ್ಕ ಹಕ್ಕಿಯಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅದು ಎರಡನೆಯ ಅನುಸೂಚಿಗೆ ಸೇರಿತು. ಅದನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧ. ಪೇಟೆಯಲ್ಲಿ ನ್ಯಾಯವಾಗಿ ಸಿಕ್ಕುವುವು ಹೊರನಾಡಿನ ಪುಟ್ಟ ಗಿಳಿಗಳು. ‘ಲವ್ ಬರ್ಡ್ಸ್’ ಎಂದು ಕರೆದು ಜೋಡಿಯಾಗಿ ಮಾರುವ ಹಕ್ಕಿ ಬಹುಮಟ್ಟಿಗೆ ಲವ್ ಬರ್ಡ್ ಅಲ್ಲ, ಆಸ್ಟ್ರೇಲಿಯದ ಒಣಬಯಲಿನ ಬಜರಿಗರ್. ಪಕ್ಷಿಶಾಸ್ತ್ರಜ್ಞ ಜಾನ್ ಗೌಲ್ಡ್ 1840ರಲ್ಲಿ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಮೇಲೆ ಅದು ಲೋಕದ ಮನೆಮನೆಗಳನ್ನು ಹೊಕ್ಕಿತು. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ತಲೆಯ ಮೇಲೆ ಜುಟ್ಟೂ ಕೆನ್ನೆಯ ಮೇಲೆ ಕಿತ್ತಳೆಬಣ್ಣದ ಬೊಟ್ಟೂ ಇರುವ ಕಾಕಟೀಲ್ ಪುನಃ ಆಸ್ಟ್ರೇಲಿಯದ್ದೇ.

ಮಕ್ಕಳ ಹಠಕ್ಕೆ ಮಣಿದು ತಂದ ಈ ಹಕ್ಕಿ ಮೊದಲ ವಾರ ಹಜಾರದಲ್ಲಿರುತ್ತದೆ. ಮುಂದಿನ ತಿಂಗಳು ಬಿಸಿಲು ಹೊಡೆಯುವ ಬಾಲ್ಕನಿಗೆ ಹೋಗುತ್ತದೆ. ಆಮೇಲೆ, “ಯಾರಿಗಾದರೂ ಕೊಟ್ಟುಬಿಡಿ, ನನ್ನ ಕೈಯಲ್ಲಿ ಗುಡಿಸಲಾಗದು” ಎಂಬ ಮಾತು ಕೇಳಿಬರುತ್ತದೆ. ಕೆಲವರು ಪುಣ್ಯ ಬರುವುದೆಂದು ಬಾಗಿಲು ತೆರೆದು ಹಾರಿಬಿಡುವುದೂ ಉಂಟು. ಪಂಜರದಲ್ಲಿಯೇ ಹುಟ್ಟಿ ಬೆಳೆದ ಆ ಹಕ್ಕಿಗೆ ಇಲ್ಲಿ ಮೇವು ಹುಡುಕುವ ದಾರಿ ತಿಳಿಯದು. ಹಸಿವಿನಿಂದಲೋ ಕಾಗೆಯ ಕೊಕ್ಕಿನಿಂದಲೋ ಅದರ ಕಥೆ ಬೇಗನೆ ಮುಗಿಯುತ್ತದೆ. ಆದುದರಿಂದ ಕಸದ ಪ್ರಶ್ನೆಯನ್ನು ಹಗುರವಾಗಿ ಎಣಿಸುವಂತಿಲ್ಲ. ಹಠ ಮಾಡಿದವರು ಮಕ್ಕಳು, ತಂದುಕೊಟ್ಟವರು ತಂದೆ, ಪೊರಕೆ ಹಿಡಿದವರು ತಾಯಿ ಎಂಬ ವ್ಯವಸ್ಥೆಯಿರುವ ಮನೆಯಲ್ಲಿ ಆ ಹಕ್ಕಿ ಬಹುಕಾಲ ಉಳಿಯಲಾರದು ಎಂಬುದು ನನ್ನ ಅಭಿಪ್ರಾಯ.

ಬಜರಿಗರ್ ತಿನ್ನುವುದು ನಮ್ಮ ನವಣೆಯನ್ನೇ. ಕಾಳನ್ನು ನಾಲಗೆಯಿಂದ ಹೊರಳಿಸಿ, ಕೊಕ್ಕಿನ ಅಂಚಿನಿಂದ ಸೀಳಿ, ಸಿಪ್ಪೆಯನ್ನು ಉಗುಳಿ ಒಳಗಿನ ತಿರುಳನ್ನು ಮಾತ್ರ ನುಂಗುತ್ತದೆ. ನಮ್ಮ ಅಜ್ಜಿಯರು ಒನಕೆಯಿಂದ ಕುಟ್ಟಿ ಮೊರದಿಂದ ಕೇರಿ ಮಾಡುತ್ತಿದ್ದ ಕೆಲಸವನ್ನು ಮೂವತ್ತು ನಲವತ್ತು ಗ್ರಾಂ ತೂಕದ ಈ ಜೀವಿ ಕಾಳಿಗೊಮ್ಮೆ ಮಾಡುತ್ತದೆಂದ ಮೇಲೆ ಹೊಟ್ಟು ಬೀಳದಿರುವುದೆಂತು? ಬಯಲಿನಲ್ಲಿ ಅದು ಹುಲ್ಲಿನ ಬೀಜಗಳನ್ನು ಹೀಗೆಯೆ ಸುಲಿದು, ಹೊಟ್ಟನ್ನು ನೆಲಕ್ಕೆ ಬಿಟ್ಟು, ಹಿಂಡಿನೊಡನೆ ಮುಂದಕ್ಕೆ ಹಾರುತ್ತಿತ್ತು. ಪಂಜರದಲ್ಲಿ ಹಾರಿಹೋಗಲು ದಾರಿಯಿಲ್ಲವಾದ್ದರಿಂದ ಇದ್ದಲ್ಲಿಯೇ ರೆಕ್ಕೆ ಬಡಿಯುತ್ತದೆ. ಆ ಗಾಳಿಗೆ ಹೊಟ್ಟು ಮಾರುದೂರ ಚಿಮ್ಮುತ್ತದೆ. ಮೇಲೆ ಫ್ಯಾನ್ ತಿರುಗುತ್ತಿದ್ದರಂತೂ ಹೇಳುವುದೇ ಬೇಡ. ಪಂಜರವನ್ನು ಫ್ಯಾನಿನ ಗಾಳಿ ಬೀಸದ, ಎರಡು ಗೋಡೆ ಕೂಡುವ ಮೂಲೆಯಲ್ಲಿ, ಎದೆಯ ಎತ್ತರಕ್ಕೆ ಇರಿಸಿದರೆ ಅರ್ಧ ಕಸ ಅಲ್ಲಿಯೇ ನಿಲ್ಲುತ್ತದೆ. ಹಕ್ಕಿಗೂ ಬೆನ್ನ ಹಿಂದೆ ಗೋಡೆಯಿದ್ದರೆ ಧೈರ್ಯ. ಪಂಜರದ ಕೆಳಗಿನ ಅರ್ಧಕ್ಕೆ, ಅಂಚು ಮಡಿಸಿ ಹೊಲಿದ ತೆಳು ಬಟ್ಟೆಯನ್ನು ಲಂಗದಂತೆ ಸುತ್ತಲೂ ಕಟ್ಟಬಹುದು. ಅಂಚು ಹೊಲಿಯದೆ ಬಿಟ್ಟರೆ ಎಳೆಗಳು ಉಗುರಿಗೆ ಸುತ್ತಿಕೊಂಡು ಕಾಲಿಗೆ ಅಪಾಯವಾದೀತು. ಅಡಿಯಲ್ಲಿ ಪಂಜರಕ್ಕಿಂತ ಸುತ್ತಲೂ ಒಂದೊಂದು ಗೇಣು ಅಗಲವಾದ ತಟ್ಟೆಯಿರಲಿ.

ಹೊಟ್ಟಿನಿಂದ ಇನ್ನೊಂದು ಅಪಾಯವುಂಟು. ಇದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಸುಲಿದ ಸಿಪ್ಪೆಯಲ್ಲಿ ಬಹುಪಾಲು ಬಟ್ಟಲಿನ ಮೇಲೆಯೇ ನಿಲ್ಲುತ್ತದೆ. ದೂರದಿಂದ ನೋಡಿದವರಿಗೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಒಳಗೆ ಒಂದು ಕಾಳೂ ಇರುವುದಿಲ್ಲ. ಹೀಗೆ ತುಂಬಿದ ಬಟ್ಟಲಿನ ಮುಂದೆ ಹಸಿದು ಸತ್ತ ಹಕ್ಕಿಗಳುಂಟು. ದಿನಕ್ಕೆರಡು ಬಾರಿ ಬಟ್ಟಲನ್ನು ಹೊರಗೆ ತೆಗೆದು ಹೊಟ್ಟನ್ನು ಊದಿ, ಕಾಳು ಉಳಿದಿದೆಯೇ ಎಂದು ಬೆರಳಿನಿಂದ ತಡವಿ ನೋಡಬೇಕು. ಏಳೆಂಟು ವರ್ಷದ ಮಗುವಿಗೂ ಒಪ್ಪಿಸಬಹುದಾದ ಕೆಲಸವಿದು.

ಇನ್ನು ಹಿಕ್ಕೆಯ ವಿಚಾರ. ಹಕ್ಕಿಗೆ ಮೂತ್ರಕೋಶವಿಲ್ಲ. ಹಾರುವ ದೇಹ ಭಾರವನ್ನು ಹೊತ್ತು ತಿರುಗಲಾರದಾದ್ದರಿಂದ ಕಾಲುಗಂಟೆಗೋ ಅರ್ಧಗಂಟೆಗೋ ಒಮ್ಮೆ ಇಳಿಸಿಬಿಡುತ್ತದೆ. ಅದಕ್ಕೆ ಗದರಿಸಿ ಫಲವಿಲ್ಲ. ಆದರೆ ಕಾಲವನ್ನು ಗಮನಿಸಿದರೆ ಪ್ರಯೋಜನವುಂಟು: ನಿದ್ದೆಯಿಂದ ಎದ್ದೊಡನೆಯೂ ಆಹಾರ ತಿಂದ ಸ್ವಲ್ಪ ಹೊತ್ತಿಗೂ ತಪ್ಪದೆ ಹಿಕ್ಕೆ ಹಾಕುತ್ತದೆ. ಹೊರಗೆ ಬಿಡುವ ಮುನ್ನ ಕಾಗದ ಹಾಸಿದ ಕೋಲಿನ ಮೇಲೆ ಎರಡು ನಿಮಿಷ ಕೂರಿಸಿ ಕಾದರೆ ಅಂಗಿಯೂ ಸೋಫಾವೂ ಉಳಿಯುತ್ತವೆ. ಹಿಕ್ಕೆಯ ಬಿಳಿಯ ಭಾಗ ಯೂರಿಕ್ ಆಮ್ಲ. ನೀರಿನಲ್ಲಿ ಸುಲಭವಾಗಿ ಕರಗದು. ಒಣಗಿದುದನ್ನು ಕೆರೆಯಹೋದರೆ ನೆಲಕ್ಕೆ ಗೀರು ಬೀಳುತ್ತದೆ, ಗಾಳಿಗೆ ಧೂಳು ಏಳುತ್ತದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹರಡಿಟ್ಟರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಅಮೃತಶಿಲೆಯ ನೆಲಕ್ಕೆ ನಿಂಬೆರಸವನ್ನಾಗಲಿ ವಿನೆಗರನ್ನಾಗಲಿ ತಾಗಿಸಬಾರದು; ಕಲೆಗಿಂತ ಮೊದಲು ಕಲ್ಲಿನ ಹೊಳಪು ಹೋಗುತ್ತದೆ.

ಪಂಜರದ ತಳಕ್ಕೆ ಮರದ ಹೊಟ್ಟನ್ನೋ ಮರಳನ್ನೋ ಹರಡಿ ಎಲ್ಲವನ್ನೂ ಮುಚ್ಚುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಕಾಗದವೇ ಉತ್ತಮ. ಭಾನುವಾರ ಏಳು ಹಾಳೆಗಳನ್ನು ಒಂದರ ಮೇಲೊಂದು ಹಾಸಿ, ದಿನವೂ ಬೆಳಿಗ್ಗೆ ಮೇಲಿನದೊಂದನ್ನು ಮಡಿಸಿ ತೆಗೆದರೆ ಕೆಲಸ ಅರೆನಿಮಿಷದಲ್ಲಿ ಮುಗಿಯುತ್ತದೆ. ಅಷ್ಟೇ ಅಲ್ಲ, ಹಕ್ಕಿಯ ಆರೋಗ್ಯದ ವರದಿ ಆ ಹಾಳೆಯ ಮೇಲೆಯೇ ಇರುತ್ತದೆ. ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ಗಿಳಿ ತನ್ನ ಕಾಯಿಲೆಯನ್ನು ಕಡೆಯವರೆಗೂ ಮರೆಮಾಡುತ್ತದೆ. ಹಿಕ್ಕೆ ಮಾತ್ರ ಮರೆಮಾಡಲಾರದು. ಗಟ್ಟಿಯಾದ ಹಸುರು ಸುರುಳಿ, ಅದರೊಡನೆ ಬಿಳಿ, ಸುತ್ತ ಸ್ವಲ್ಪ ತೇವ ಇದ್ದರೆ ಸರಿ. ಬಿಳಿಯ ಭಾಗ ಹಳದಿಯಾದರೆ, ಹಿಕ್ಕೆಯ ಸಂಖ್ಯೆ ಥಟ್ಟನೆ ಕಡಿಮೆಯಾದರೆ, ಅಥವಾ ಹಣ್ಣು ಸೊಪ್ಪು ತಿನ್ನದ ದಿನವೂ ನೀರಾಗಿದ್ದರೆ ನಾಳೆಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹುಣಸಮಾರನಹಳ್ಳಿಯವರಿಗೆ ಇದೇ ಬಳ್ಳಾರಿ ರಸ್ತೆಯ ಕೆಳತುದಿಯಲ್ಲಿ, ಹೆಬ್ಬಾಳದಲ್ಲಿ, 1958ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ಕಾಲೇಜು ಇದೆ. ಹೋಗುವಾಗ ಅಂದಿನ ಕಾಗದವನ್ನೂ ಮಡಿಸಿಕೊಂಡು ಹೋದರೆ ವೈದ್ಯರಿಗೆ ಅನುಕೂಲ.

ಗುಡಿಸುವ ರೀತಿಯಲ್ಲಿ ಮನುಷ್ಯರ ಆರೋಗ್ಯದ ಪ್ರಶ್ನೆಯೂ ಅಡಗಿದೆ. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಸಾಗಿಸಿದ ಗಿಳಿಗಳ ಮೂಲಕ ಯೂರೋಪು ಅಮೆರಿಕಗಳ ಹಲವು ನಗರಗಳಲ್ಲಿ ‘ಗಿಳಿಜ್ವರ’ ಹಬ್ಬಿ ಅನೇಕರನ್ನು ಬಲಿ ತೆಗೆದುಕೊಂಡಿತು. ರೋಗ ತಗಲಿದ ಹಕ್ಕಿಯ ಹಿಕ್ಕೆ ಒಣಗಿ ಧೂಳಾಗಿ ಉಸಿರಿನೊಡನೆ ಒಳಹೊಕ್ಕಾಗ ಬರುವ ಶ್ವಾಸಕೋಶದ ಬೇನೆ ಅದು. ಇಂದು ಔಷಧವುಂಟು, ಗಾಬರಿಗೆ ಕಾರಣವಿಲ್ಲ. ಆದರೆ ಒಣ ಪೊರಕೆಯನ್ನು ಪಂಜರದ ಕೆಳಗೆ ಆಡಿಸಬಾರದೆಂಬ ಪಾಠ ಅಂದಿನಿಂದ ಉಳಿದಿದೆ. ಮಣ್ಣಿನ ಅಂಗಳಕ್ಕೆ ನೀರು ಚಿಮುಕಿಸಿದ ಮೇಲೆಯೇ ಗುಡಿಸುತ್ತಿದ್ದ ನಮ್ಮ ಹಿರಿಯರ ಕ್ರಮ ಇಲ್ಲಿಯೂ ನಡೆಯುತ್ತದೆ: ಮೊದಲು ತೇವ, ಆಮೇಲೆ ಒರೆಸು. ಕಾಕಟೀಲ್ ತಂದವರು ಇನ್ನೂ ಎಚ್ಚರವಾಗಿರಬೇಕು. ಅದರ ಮೈಯಿಂದ ಪುಕ್ಕದ ಬಿಳಿಪುಡಿ ಹಿಟ್ಟಿನಂತೆ ಸದಾ ಉದುರುತ್ತಿರುತ್ತದೆ. ಅಗಲವಾದ ಬೋಗುಣಿಯಲ್ಲಿ ನೀರಿಟ್ಟು ಬೆಳಗಿನ ಬಿಸಿಲಲ್ಲಿ ಮೀಯಲು ಬಿಟ್ಟರೆ ಪುಡಿ ತಗ್ಗುತ್ತದೆ. ಮನೆಯಲ್ಲಿ ಉಬ್ಬಸದ ರೋಗಿಗಳಿದ್ದರೆ ಆ ಜಾತಿಯನ್ನು ತರದಿರುವುದೇ ಲೇಸು.

ಶುಚಿಯ ಹುಮ್ಮಸ್ಸಿನಲ್ಲಿ ಹಕ್ಕಿಯನ್ನೇ ಕೊಲ್ಲುವವರುಂಟು. ಹಕ್ಕಿಯ ಉಸಿರಾಟ ನಮ್ಮದಕ್ಕಿಂತ ಬಹು ಚುರುಕು. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲವನ್ನು ಪತ್ತೆಹಚ್ಚಲು 1986ರವರೆಗೂ ಪುಟ್ಟ ಕೆನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದುದು ಇದೇ ಕಾರಣದಿಂದ. ಅದರ ಬಳಿ ಫಿನಾಯಿಲ್, ಬ್ಲೀಚಿಂಗ್ ಪುಡಿ, ನುಸಿಗುಳಿಗೆ, ಸೊಳ್ಳೆಬತ್ತಿ ಯಾವುದೂ ಬೇಡ. ಸಾಬೂನಿನ ನೀರು ಸಾಕು. ಅಡಿಗೆಮನೆಯ ನಾನ್‌ಸ್ಟಿಕ್ ಹೆಂಚು ಇನ್ನೂ ಅಪಾಯಕರ. ದೋಸೆ ಹುಯ್ಯದೆ ಉರಿಯ ಮೇಲೆ ಮರೆತ ಅಂಥ ಹೆಂಚಿನಿಂದ ಏಳುವ ಹೊಗೆ ನಮಗೆ ಗೊತ್ತಾಗುವ ಮೊದಲೇ ಪಕ್ಕದ ಹಜಾರದ ಹಕ್ಕಿ ಸಾಯಬಹುದು. ಗಿಳಿಯಿರುವ ಮನೆಗೆ ಕಬ್ಬಿಣದ ಕಾವಲಿಯೇ ಸರಿ. ದೋಸೆಯೂ ಅದರಲ್ಲೇ ರುಚಿ.

ಹಣ್ಣು ಸೊಪ್ಪುಗಳನ್ನು ಬೆಳಿಗ್ಗೆ ಬೇರೆ ತಟ್ಟೆಯಲ್ಲಿಟ್ಟು ಎರಡು ಗಂಟೆಯೊಳಗೆ ತೆಗೆಯಬೇಕು. ಇರುವೆ ನೊಣಗಳ ಕಾಟ ತಪ್ಪುತ್ತದೆ. ಕೊತ್ತಂಬರಿ, ಗಜ್ಜರಿ, ಸೀಬೆ ಆಗಬಹುದು. ಬೆಣ್ಣೆಹಣ್ಣು ವಿಷ, ಚಾಕೊಲೇಟೂ ಹಾಗೆಯೆ. ತೆಗೆದುದನ್ನು ಬಾಲ್ಕನಿಯಿಂದ ಕೆಳಕ್ಕೆ ಸುರಿಯುವ ಅಭ್ಯಾಸ ಎಲ್ಲಿಯೂ ಒಳ್ಳೆಯದಲ್ಲ, ಈ ಪ್ರದೇಶದಲ್ಲಂತೂ ಸಲ್ಲದು. ಯಲಹಂಕದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ನಡೆಯುವಾಗ, ಎಸೆದ ಮಾಂಸಕ್ಕೆ ಹದ್ದುಗಳು ಕೂಡಿ ವಿಮಾನಗಳಿಗೆ ಬಡಿದಾವೆಂಬ ಭಯದಿಂದ, 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ ಸುತ್ತ ಹತ್ತು ಕಿಲೋಮೀಟರಿನೊಳಗೆ ಮಾಂಸದ ಮಾರಾಟವನ್ನೇ ನಿಲ್ಲಿಸಿದ್ದರು. ನಮ್ಮ ಗಿಳಿಯ ಎಂಜಲಿಗೆ ಹದ್ದು ಬಾರದಿದ್ದರೂ ಪಾರಿವಾಳವೂ ಇಲಿಯೂ ಬರುತ್ತವೆ. ಪ್ರದರ್ಶನದ ದಿನಗಳಲ್ಲಿ ವಿಮಾನಗಳ ಆರ್ಭಟಕ್ಕೆ ಬೆದರಿದ ಕಾಕಟೀಲ್ ಸಲಾಕೆಗಳಿಗೆ ಬಡಿದುಕೊಂಡು ಗರಿ ಮುರಿದುಕೊಂಡೀತು. ಕಿಟಕಿ ಮುಚ್ಚಿ, ರಾತ್ರಿ ಸಣ್ಣದೊಂದು ದೀಪ ಉರಿಸಿಟ್ಟರೆ ಪಂಜರದ ತಳದಲ್ಲಿ ಬೆಳಿಗ್ಗೆ ಅಷ್ಟು ಗರಿಗಳನ್ನು ಆರಿಸಬೇಕಾಗುವುದಿಲ್ಲ.

ಇಷ್ಟಾದರೂ ಒಂದಷ್ಟು ಕಾಳು ಬೀಳುತ್ತಲೇ ಇರುತ್ತದೆ. ಹಾಗೆ ಬಿದ್ದ, ಸುಲಿಯದ ನವಣೆಯನ್ನು ಬಾಲ್ಕನಿಯ ಹೂಕುಂಡದಲ್ಲಿ ಚೆಲ್ಲಿ ನೀರು ಹಾಕಿದರೆ ವಾರದೊಳಗೆ ಎಳೆಯ ಹಸುರು ತಲೆಯೆತ್ತುತ್ತದೆ. ಕಿತ್ತು ತೊಳೆದು ಪಂಜರದ ಸಲಾಕೆಗೆ ಸಿಕ್ಕಿಸಿದರೆ ಗಿಳಿ ಬಹು ಪ್ರೀತಿಯಿಂದ ಕಚ್ಚುತ್ತದೆ. ಒಂದೆರಡು ಎಸಳು ತಿಂದು, ಉಳಿದುದನ್ನು ಚೂರುಚೂರು ಮಾಡಿ ಈಗತಾನೆ ಒರೆಸಿದ ನೆಲದ ಮೇಲೆ ಉದುರಿಸುತ್ತದೆ.