ಫ್ಯಾನು ಬಂತು, ಗಾಜು ಪುಡಿಯಾಯ್ತು!

ದಾವಣಗೆರೆ: ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಕೊಂಡ ದೀಪದ ಫ್ಯಾನು ಲಾರಿ ಹತ್ತಿ ಇಲ್ಲಿಗೆ ಬರೋದು ಸುಮಾರು 260 ಕಿಲೋಮೀಟರು. ಮೋಟಾರು ಸರಿ, ರೆಕ್ಕೆ ಸರಿ. ದೀಪಕ್ಕೆ ಹಾಕುವ ಗಾಜಿನ ಶೇಡು ಮಾತ್ರ ನುಚ್ಚುನೂರು!

ಒಂದೇ ಫ್ಯಾನು ಕೊಳ್ಳೋರು ಶೇಡನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಾರು. ಇಪ್ಪತ್ತು ತರಿಸುವ ಅಂಗಡಿಯವರು ಏನು ಮಾಡಬೇಕು ಸ್ವಾಮಿ? ಕೇಳಿದರೆ ಲಾರಿ ಆಫೀಸಿನವರು ಪ್ಯಾಕಿಂಗ್ ಸರಿಯಿಲ್ಲ ಅಂತಾರೆ, ಹೋಲ್‌ಸೇಲಿನವರು ಲಾರಿಯವರನ್ನೇ ಕೇಳಿ ಅಂತಾರೆ. ಶೇಡಿಲ್ಲದ ಫ್ಯಾನನ್ನು ಗಿರಾಕಿ ಮುಟ್ಟೋದಿಲ್ಲ.

ಹಮಾಲಿಯನ್ನು ಬೈದು ಸುಮ್ಮನಾಗೋದು ಸುಲಭ. ಆದರೆ ಅವನಿಗೆ ಕೂಲಿ ನಗದ ಲೆಕ್ಕದಲ್ಲಿ. ಎಷ್ಟು ಬೇಗ ಇಳಿಸಿದರೆ ಅಷ್ಟು ಕಾಸು. ಡಬ್ಬದ ಮೇಲಿನ ಬಾಣ, ಲೋಟದ ಚಿತ್ರ ನೋಡುತ್ತ ನಿಂತರೆ ಹೊಟ್ಟೆ ತುಂಬೀತೆ? ಪಾರ್ಸೆಲ್ ಲಾರಿಯಲ್ಲಿ ಫ್ಯಾನಿನ ಮೇಲೆ ಪಂಪ್‌ಸೆಟ್ಟೂ ಕೂರುತ್ತೆ, ಪೈಪಿನ ಕಟ್ಟೂ ಕೂರುತ್ತೆ. ಇನ್ನು ಕೆಲವರು ನಾಲ್ಕೈದು ಕೆ.ಜಿ. ತೂಗುವ ಮೋಟಾರಿನ ಪಕ್ಕದಲ್ಲೇ, ನಡುವೆ ಒಂದು ರಟ್ಟು ಸಿಕ್ಕಿಸಿ, ಗಾಜು ತುರುಕಿರ್ತಾರೆ. ಒಂದು ಹಂಪ್ ಸಾಕು. ಮೋಟಾರು ಬೇರೆ, ಗಾಜು ಬೇರೆ ಡಬ್ಬದಲ್ಲಿ ಕಟ್ಟಿಸಿದರೆ ಹಮಾಲಿ ಚಾರ್ಜು ಕೊಂಚ ಜಾಸ್ತಿ, ಅಷ್ಟೆ.

ಒಡೆದ ಮೇಲೆ ಯಾರು ಕೊಡಬೇಕು? 1865ರ ಹಳೇ ಕಾನೂನು ಹೋಗಿ, 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಲಾರಿಯವರ ಅಜಾಗರೂಕತೆಯನ್ನು ನೀವು ಸಾಬೀತು ಮಾಡಬೇಕಾಗಿಲ್ಲ. ರಸೀದಿಯಲ್ಲಿ ‘ಓನರ್ಸ್ ರಿಸ್ಕ್’ ಅಂತ ಅಚ್ಚು ಹಾಕಿದ ಮಾತ್ರಕ್ಕೆ ಅಜಾಗರೂಕತೆಯ ಹೊಣೆ ತಪ್ಪೋದಿಲ್ಲ ಅಂತ ಸುಪ್ರೀಂ ಕೋರ್ಟು 2000ರಲ್ಲೇ, ಹಳೇ ಕಾನೂನಿನ ಕಾಲದಲ್ಲೇ, ಹೇಳಿದೆ.

ಆದರೆ ಇಲ್ಲೊಂದು ಗಂಟಿದೆ. ಪರಿಹಾರ ಬಾಡಿಗೆಯ ಹತ್ತು ಪಟ್ಟು ಮೀರೋದಿಲ್ಲ. ನೀವು ಬರೆಸಿದ ಬೆಲೆಯನ್ನೂ ದಾಟೋದಿಲ್ಲ. ಬಾಡಿಗೆ 150 ರೂಪಾಯಿ ಎಂದಿಟ್ಟುಕೊಳ್ಳಿ. 5,000 ರೂಪಾಯಿ ಮಾಲು ಒಡೆದರೂ ಕೈಗೆ ಬರೋದು ಹೆಚ್ಚೆಂದರೆ 1,500! ಇದಕ್ಕಿಂತ ಹೆಚ್ಚು ಬೇಕಾದರೆ ಬುಕಿಂಗ್ ಮಾಡುವಾಗಲೇ ಹೆಚ್ಚಿನ ರಿಸ್ಕ್ ದರ ಕಟ್ಟಿರಬೇಕು. ನಮ್ಮವರು ನಾಲ್ಕು ಕಾಸು ಉಳಿಸಲು ‘ಎಲೆಕ್ಟ್ರಿಕ್ ಸಾಮಾನು, 1 ನಗ’ ಎಂದಷ್ಟೇ ಬರೆಸಿ ದೇವರ ಮೇಲೆ ಭಾರ ಹಾಕ್ತಾರೆ. ಗಾಜು ಎಂಬ ಮಾತೇ ಇಲ್ಲ, ಬೆಲೆಯೂ ಇಲ್ಲ.

ಡೆಲಿವರಿ ಹೊತ್ತಿನ ಗಡಿಬಿಡಿ ಬೇರೆ. ‘ಸೈನ್ ಹಾಕಿ ಸಾರ್, ಆಮೇಲೆ ನೋಡ್ಕೊಳ್ಳಿ’ ಅಂದರೆ ಹಾಕಬೇಡಿ. ಡಬ್ಬ ಅಲ್ಲಾಡಿಸಿ, ಸದ್ದು ಬಂದರೆ ಅಲ್ಲೇ ಬಿಚ್ಚಿ, ಎಷ್ಟು ಒಡೆದಿದೆ ಅಂತ ಡೆಲಿವರಿ ಪುಸ್ತಕದಲ್ಲೇ ಬರೆದು ಸಹಿ ಮಾಡಿ. ಫೋಟೋ ಹೊಡೆಯೋಕೆ ಮೊಬೈಲು ಕಿಸೆಯಲ್ಲೇ ಇದೆ. ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟೀಸು ಕೊಟ್ಟಿರಬೇಕು. ಅದಿಲ್ಲದೆ ದಾವೆ ನಡೆಯೋಲ್ಲ. ಫೋನಿನಲ್ಲಿ ಕೂಗಾಡಿದ್ದು ನೋಟೀಸಲ್ಲ.