ಬಸ್ಸು ಹಾಗೂ ರೈಲು ಪ್ರಯಾಣ: ಸಹಪ್ರಯಾಣಿಕರ ಸ್ನೇಹ ಮತ್ತು ಸುರಕ್ಷತೆ

ಬ್ರೂಸ್‌ಪೇಟೆ ಸೇರಿದಂತೆ ಬಳ್ಳಾರಿ ನಗರದ ನಿವಾಸಿಗಳು ಹಾಗೂ ಸಿರುಗುಪ್ಪ, ಕುರುಗೋಡು ಭಾಗಗಳಿಂದ ಆಸ್ಪತ್ರೆ, ನ್ಯಾಯಾಲಯ, ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳಿಗೆ ಬರುವ ಗ್ರಾಮಸ್ಥರು ಬಹುಮಟ್ಟಿಗೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳನ್ನು ಅವಲಂಬಿಸಿರುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ನಂತರ ಮಹಿಳಾ ಪ್ರಯಾಣಿಕರ ಸಂಖ್ಯೆ ಹೆಚ್ಚಿದೆ. ಇಂತಹ ಪ್ರಯಾಣಿಕರ ಕೈಚೀಲದಲ್ಲಿ ಆಧಾರ್, ಪಹಣಿ, ವೈದ್ಯಕೀಯ ದಾಖಲೆಗಳು, ಕೆಲವೊಮ್ಮೆ ಬತ್ತ ಮಾರಿದ ಹಣವೂ ಇರುತ್ತದೆ. ಒಂದು ಚೀಲ ಕಳೆದಲ್ಲಿ ತಿಂಗಳುಗಟ್ಟಲೆ ಕಚೇರಿಗಳಿಗೆ ಅಲೆಯಬೇಕಾಗುತ್ತದೆ.

ಬಸ್ಸಿನಲ್ಲಿ ಕುಳಿತೊಡನೆ "ಯಾವ ಊರು, ಎಲ್ಲಿಗೆ ಹೊರಟಿರಿ" ಎಂದು ಕನ್ನಡದಲ್ಲಾಗಲಿ, ತೆಲುಗಿನಲ್ಲಾಗಲಿ ವಿಚಾರಿಸುವುದು ಈ ಭಾಗದ ರೂಢಿ. ಇದನ್ನು ಸಂಶಯದಿಂದ ಕಾಣಬೇಕಾಗಿಲ್ಲ. ಅಕ್ಕಪಕ್ಕದವರೊಡನೆ ನಾಲ್ಕು ಮಾತನಾಡಿದ ಪ್ರಯಾಣಿಕರು ಒಂಟಿಯಾಗಿ ಕುಳಿತವರಿಗಿಂತ ಹೆಚ್ಚು ಸುರಕ್ಷಿತರೆಂದೇ ಹೇಳಬಹುದು. ಇಳಿಯುವ ನಿಲ್ದಾಣ ಬಂದಾಗ ಎಚ್ಚರಿಸುವವರು, ಚೀಲಕ್ಕೆ ಬೇರೆಯವರು ಕೈಹಾಕಿದರೆ ಕೂಗುವವರು ಅವರೇ. ಆದರೆ ಊರು, ಬೆಳೆ, ಮಕ್ಕಳ ಓದು ಇವುಗಳ ಮಾತು ಬೇರೆ. ಎಷ್ಟು ಹಣ ತಂದಿದ್ದೇವೆ, ಮನೆಯಲ್ಲಿ ಯಾರಿದ್ದಾರೆ ಎಂಬ ವಿವರ ಬೇರೆ. ಸ್ನೇಹದ ಮಾತು ಎರಡನೆಯದರತ್ತ ತಿರುಗಿದಲ್ಲಿ ವಿಷಯವನ್ನು ಬದಲಿಸುವುದು ಲೇಸು. "ಒಂದು ಕರೆ ಮಾಡಿ ಕೊಡುತ್ತೇನೆ" ಎಂದು ಅಪರಿಚಿತರು ಮೊಬೈಲ್ ಕೇಳಿದರೆ, ಸಂಖ್ಯೆಯನ್ನು ತಾವೇ ಒತ್ತಿ ಸ್ಪೀಕರ್‌ನಲ್ಲಿ ಮಾತನಾಡಿಸತಕ್ಕದ್ದು.

ತಿಂಡಿ, ಪಾನೀಯದ ವಿಷಯ ಸ್ವಲ್ಪ ಸೂಕ್ಷ್ಮವಾದುದು. ಕೊಟ್ಟದ್ದನ್ನು ಬೇಡವೆನ್ನುವುದು ನಮ್ಮಲ್ಲಿ ಅಗೌರವವೆನಿಸುತ್ತದೆ. ಆದರೂ ಅಪರಿಚಿತರು ನೀಡುವುದನ್ನು, ವಿಶೇಷವಾಗಿ ರಾತ್ರಿ ಪ್ರಯಾಣದಲ್ಲಿ, ಸ್ವೀಕರಿಸಬಾರದು. ಉಪವಾಸವೆಂದೋ ಔಷಧ ಸೇವಿಸುತ್ತಿರುವುದಾಗಿಯೋ ಹೇಳಿದರೆ ಯಾರೂ ಬೇಸರಿಸಲಾರರು. ಅಪರಾಧ ಎಸಗುವ ಉದ್ದೇಶದಿಂದ ಮತ್ತು ಬರಿಸುವ ಪದಾರ್ಥ ನೀಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 123ರಡಿ ಹತ್ತು ವರ್ಷಗಳವರೆಗಿನ ಕಾರಾವಾಸಕ್ಕೆ ಗುರಿಪಡಿಸಬಹುದಾದ ಅಪರಾಧ.

ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದಂತೆ ಸೀಟು ಹಿಡಿಯಲು ಕಿಟಕಿಯಿಂದ ಚೀಲವನ್ನೇ ಒಳಗೆ ಹಾಕುವ ಅಭ್ಯಾಸವನ್ನು ಬಿಡುವುದು ಅಗತ್ಯ. ಟವೆಲ್ ಹೋದರೆ ಟವೆಲ್ ಮಾತ್ರ ಹೋದೀತು, ದಾಖಲೆಗಳ ಚೀಲ ಹಾಗಲ್ಲ. ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ಕೈಚೀಲವನ್ನು ಮುಂದಕ್ಕೆ ಹಿಡಿದುಕೊಂಡು, ಸರವನ್ನು ಸೆರಗಿನಿಂದ ಮುಚ್ಚಿಕೊಂಡು ಹತ್ತಬೇಕು.

ಕಳ್ಳತನವಾದಲ್ಲಿ ಮನೆಗೆ ತಲುಪಿದ ಮೇಲೆ ನೋಡೋಣವೆನ್ನದೆ ಆ ಕ್ಷಣವೇ ನಿರ್ವಾಹಕರಿಗೆ ತಿಳಿಸಿ 112ಕ್ಕೆ ಕರೆ ಮಾಡಬೇಕು. ರೈಲಿನಲ್ಲಾದರೆ 139. ಘಟನೆ ನಡೆದ ಸ್ಥಳ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂಬ ಕಾರಣಕ್ಕೆ ಇಂತಹ ದೂರನ್ನು ನಿರಾಕರಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಗುಂತಕಲ್‌ನಿಂದ ಬರುವಾಗ ಆಂಧ್ರದ ಗಡಿಯೊಳಗೆ ಚೀಲ ಕಳುವಾದರೂ ಬ್ರೂಸ್‌ಪೇಟೆ ಪೊಲೀಸ್ ಠಾಣೆಯಲ್ಲಿಯೇ ದೂರು ನೀಡಬಹುದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ದಾಖಲೆಗಳ ನಕಲು ಪ್ರತಿಗೆ ಅರ್ಜಿ ಸಲ್ಲಿಸುವಾಗ ಈ ಪ್ರತಿ ಉಪಯೋಗಕ್ಕೆ ಬರುವುದರಿಂದ ಜೋಪಾನವಾಗಿಡತಕ್ಕದ್ದು. ಮೊಬೈಲ್ ಕಳುವಾಗಿದ್ದಲ್ಲಿ ಅದರ 15 ಅಂಕಿಗಳ ಐಎಂಇಐ ಸಂಖ್ಯೆ ನೀಡಿ ಸಿಇಐಆರ್ ಜಾಲತಾಣದ ಮೂಲಕ ಬಳಕೆಯನ್ನು ತಡೆಯಬಹುದು. *#06# ಒತ್ತಿದರೆ ಈ ಸಂಖ್ಯೆ ಕಾಣಿಸುತ್ತದೆ. ಪ್ರಯಾಣಕ್ಕೆ ಮುನ್ನವೇ ಮನೆಯಲ್ಲಿ ಬರೆದಿಡುವುದು ಸೂಕ್ತ.

ಮಹಿಳೆಯರಿಗೆ ಯಾರಿಂದಲಾದರೂ ಕಿರುಕುಳವಾದಲ್ಲಿ ಮೌನವಾಗಿರದೆ ಗಟ್ಟಿಯಾಗಿ ಹೇಳಬೇಕು; ಸಹಾಯವಾಣಿ 181ನ್ನೂ ಸಂಪರ್ಕಿಸಬಹುದು. ಒಂಟಿಯಾಗಿರುವ ಮಗು ಕಂಡುಬಂದಲ್ಲಿ 1098ಕ್ಕೆ ತಿಳಿಸಲು ಕೋರಲಾಗಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡ ಸಹಪ್ರಯಾಣಿಕರನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ನೀಡಲೇಬೇಕೆಂಬ ಒತ್ತಾಯವಿಲ್ಲ. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಸೇರಿಸಲಾದ ಕಲಂ 134ಎ ಅವರಿಗೆ ರಕ್ಷಣೆ ನೀಡುತ್ತದೆ.